ಮಂಚದ ಕಾಲಿನ ಕೆಳಗಿನ ಪುಸ್ತಕಗಳು

“ಅಜ್ಜನವರೇ, ಓದಿದ್ದು ಉಪಯೋಗಕ್ಕೆ ಬಾರದೆ ಹೋದರೆ ಆ ಓದಿಗೆ ಏನು ಅರ್ಥ?” ಎಂದು ಮರುಳಸಿದ್ಧ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜನವರು ಎಂದೇ ಕರೆಯುತ್ತಿದ್ದರು. ಮರುಳಸಿದ್ಧ ಅವರ ಬಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೊದಲು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದ. ಆ ಕೆಲಸ ಬಿಟ್ಟು ಬರುವಾಗ ಬಟ್ಟೆಗಿಂತ ಪುಸ್ತಕಗಳನ್ನೇ ಹೆಚ್ಚು ತಂದಿದ್ದ. ಅಂದು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕುಳಿತಿತ್ತು. ಬೆಕ್ಕು ಮುಚ್ಚಳ ಸರಿಸದಿರಲಿ ಎಂದು ಅಡುಗೆಯವರು ಇಟ್ಟಿದ್ದರು. ಮರುಳಸಿದ್ಧ ಪುಸ್ತಕವನ್ನು ಎತ್ತಿಕೊಂಡು ಬಂದಿದ್ದ. ಮಧ್ಯಾಹ್ನದವರೆಗೂ ಅದು ಅವನ ತೊಡೆಯ ಮೇಲೆಯೇ ಇತ್ತು.

ಅಜ್ಜನವರು ಆ ಪುಸ್ತಕದ ಕಡೆ ನೋಡಿದರು. ಆಮೇಲೆ ಹೇಳತೊಡಗಿದರು.

ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ ಹಾಲಮ್ಮ ಎಂಬ ಹೆಂಗಸು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದಳು. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ, ಕೊಟ್ರೇಶ. ಭಟ್ಟಿಯ ಹೊಗೆಯಲ್ಲಿ ನಿಂತು ಅವಳು ಮಗನನ್ನು ಓದಿಸಿದಳು. ಅವನು ಜಾಣ. ದೂರದ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ದಿನ ಹಾಲಮ್ಮ ಭಟ್ಟಿಗೆ ಬಂದವರಿಗೆಲ್ಲ ಸೇರು ತುಂಬಿದ ಮೇಲೆ ಇನ್ನೊಂದು ಬೊಗಸೆ ಮಂಡಕ್ಕಿ ಹಾಕಿ ಕಳಿಸಿದಳು.

ಕೊಟ್ರೇಶನಿಗೆ ಓದು ಕಷ್ಟವಾಗಲಿಲ್ಲ. ಪುಸ್ತಕದಲ್ಲಿದ್ದದ್ದೆಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ಕಷ್ಟವಾದದ್ದು ಬಾಯಿ ತೆರೆಯುವುದು. ಪರೀಕ್ಷಕರು ಒಂದು ಎಲುಬನ್ನು ಕೈಗೆ ಕೊಟ್ಟು ಇದು ಯಾವುದು ಎಂದು ಕೇಳಿದರೆ, ಅದರ ಹೆಸರು ಅವನಿಗೆ ಗೊತ್ತಿರುತ್ತಿತ್ತು, ಅದರ ಮೇಲಿನ ಒಂದೊಂದು ಗೆರೆಯೂ ಗೊತ್ತಿರುತ್ತಿತ್ತು. ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ಎಲುಬು ಹಿಡಿದುಕೊಂಡು ನಿಲ್ಲುತ್ತಿದ್ದ. ಹೇಗೋ ಕೆಳಗಿನ ವರ್ಷಗಳನ್ನು ದಾಟಿದ. ಕೊನೆಯ ವರ್ಷ ಸಿಕ್ಕಿಹಾಕಿಕೊಂಡ. ಅಲ್ಲಿ ರೋಗಿಯ ಮಂಚದ ಪಕ್ಕದಲ್ಲೇ ಪ್ರಶ್ನೆ ಕೇಳುತ್ತಾರೆ. ಕೊಟ್ರೇಶ ರೋಗಿಯ ಕೈ ಹಿಡಿದು ನಿಂತ. ಪರೀಕ್ಷಕರು ಕಾದರು. ರೋಗಿಯೂ ಕಾದ. ಕೊನೆಗೆ ಆ ರೋಗಿಯೇ ಅವನ ಕೈಯನ್ನು ಮೆಲ್ಲಗೆ ಒತ್ತಿದ.

ಮತ್ತೆ ಪರೀಕ್ಷೆಗೆ ಕುಳಿತ, ಮತ್ತೆ ಹಾಗೆಯೇ ಆಯಿತು. ಒಂದು ದಿನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಊರಿಗೆ ಬಂದುಬಿಟ್ಟ.

ಪೆಟ್ಟಿಗೆಯನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ಹಿಂದಿನ ಕೋಣೆಯಲ್ಲಿ ಅದನ್ನು ಇಟ್ಟು, ಮೇಲೆ ಕಂಬಳಿ ಹೊದಿಸಿ, ಯಾರೂ ಇದನ್ನು ಮುಟ್ಟಬಾರದು ಎಂದು ತಾಯಿಗೆ ಹೇಳಿದ. ತಾನೂ ಮುಟ್ಟಲಿಲ್ಲ. ಮರುದಿನ ನಸುಕಿನಲ್ಲೇ ಭಟ್ಟಿಗೆ ಹೋಗಿ ಬಾಣಲೆಯ ಮುಂದೆ ಕುಳಿತ. ಬಿಸಿ ಮರಳಿನಲ್ಲಿ ಅಕ್ಕಿ ಬಿದ್ದು ಅರಳುವುದನ್ನು ನೋಡುತ್ತ ಕುಳಿತರೆ ಯಾರೂ ಏನೂ ಕೇಳುವುದಿಲ್ಲ. ಅದು ಅವನಿಗೆ ಹಿತವಾಯಿತು. ಊರಿನ ಜನ ಅವನಿಗೆ ಅರ್ಧ ಡಾಕ್ಟ್ರು ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ. ಆದರೂ ಅದು ಕಿವಿಗೆ ಬಿದ್ದಾಗಲೆಲ್ಲ ಅವನು ಬಾಣಲೆಯ ಕಡೆ ತಿರುಗಿ ಕುಳಿತುಕೊಳ್ಳುತ್ತಿದ್ದ.

ಹಾಲಮ್ಮ ಅವನಿಗೆ ಮದುವೆ ಮಾಡಿದಳು. ಬಂದವಳು ಶಶಿಕಲಾ. ಹತ್ತಿರದ ಹಳ್ಳಿಯ ಶಾಲಾ ಮಾಸ್ತರರ ಮಗಳು. ಮಾತು ಕಡಿಮೆ, ಕೈ ಚುರುಕು. ಮನೆಯಲ್ಲಿ ಯಾವುದು ಎಲ್ಲಿದೆ ಎಂಬುದನ್ನು ಬೇಗನೆ ತಿಳಿದುಕೊಂಡಳು. ಕಂಬಳಿ ಹೊದಿಸಿದ ಪೆಟ್ಟಿಗೆಯನ್ನೂ ನೋಡಿದಳು. ಅದರಲ್ಲಿ ಏನಿದೆ ಎಂದು ಅತ್ತೆಯನ್ನು ಕೇಳಿದಾಗ ಹಾಲಮ್ಮ, “ಅವನ ಪುಸ್ತಕ,” ಎಂದು ಹೇಳಿ ಬೇರೆ ಕಡೆ ನೋಡಿದಳು.

ಬೇಸಿಗೆಯಲ್ಲಿ ಸಂಡಿಗೆ ಇಡುವ ಕಾಲ ಬಂತು. ಆ ಊರಿನ ಮಾಳಿಗೆಗಳ ಮೇಲೆ ಗಾಳಿ ಹೆಚ್ಚು. ಹಳೆಯ ಸೀರೆ ಹಾಸಿ ಅದರ ಮೇಲೆ ಸಂಡಿಗೆ ಇಟ್ಟರೆ ಗಾಳಿ ಸೀರೆಯ ಅಂಚನ್ನು ಎತ್ತಿ ಮಡಚುತ್ತಿತ್ತು. ಕಲ್ಲು ಇಟ್ಟರೆ ಅಂಚು ಹರಿಯುತ್ತಿತ್ತು. ಶಶಿಕಲಾ ಕೆಳಗೆ ಹೋಗಿ ಪೆಟ್ಟಿಗೆ ತೆರೆದು, ಕೈಗೆ ಸಿಕ್ಕ ನಾಲ್ಕು ಪುಸ್ತಕಗಳನ್ನು ತಂದು ನಾಲ್ಕು ಮೂಲೆಗೆ ಇಟ್ಟಳು. ಸೀರೆ ಅಲುಗಾಡದೆ ನಿಂತಿತು. ಸಂಜೆ ಭಟ್ಟಿಯಿಂದ ಬಂದ ಕೊಟ್ರೇಶ ಮಾಳಿಗೆ ಹತ್ತಿ ನೋಡಿದ. ಶರೀರ ರಚನೆಯ ಎರಡು ಸಂಪುಟಗಳು, ಶಸ್ತ್ರಚಿಕಿತ್ಸೆಯ ಒಂದು, ಹೆರಿಗೆಯ ಒಂದು. ಬಿಸಿಲಿಗೆ ಅವುಗಳ ರಟ್ಟು ಕಾದಿತ್ತು. ಒಂದರ ಮೇಲೆ ಸಂಡಿಗೆ ಹಿಟ್ಟಿನ ಹನಿ ಒಣಗಿತ್ತು.

“ಇವನ್ನ ಯಾರು ತೆಗೆದಿದ್ದು?” ಎಂದು ಕೇಳಿದ.

“ನಾನೇ. ಕಲ್ಲು ಇಟ್ರೆ ಸೀರೆ ಹರೀತಿತ್ತು. ಇವು ಭಾರ ಇವೆ, ಮೊನಚು ಇಲ್ಲ.”

ಅವನು ಬೈಯಲಿಲ್ಲ. ಪುಸ್ತಕಗಳನ್ನು ಎತ್ತಿಕೊಂಡು ಕೆಳಗೆ ಹೋದ. ಗಾಳಿಗೆ ಸೀರೆ ಮಡಚಿ ಸಂಡಿಗೆಯೆಲ್ಲ ಒಂದಕ್ಕೊಂದು ಅಂಟಿಕೊಂಡಿತು. ಅದಾದ ಮೇಲೆ ಅವನು ಬಹಳ ದಿನ ಹೆಂಡತಿಯೊಂದಿಗೆ ಬೇಕಾದಷ್ಟೇ ಮಾತನಾಡಿದ. ಪೆಟ್ಟಿಗೆಗೆ ಬೀಗ ಬಿತ್ತು.

ಆ ವರ್ಷವೇ ಶಶಿಕಲಾ ಬಸುರಿಯಾದಳು. ಆರನೆಯ ತಿಂಗಳಲ್ಲಿ ಮಗು ಉಳಿಯಲಿಲ್ಲ. ಏಕೆ ಎಂದು ಯಾರಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ನೋವು ಬಂತು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಅಳಲಿಲ್ಲ. ಮನೆಯ ಕೆಲಸವನ್ನು ಮೊದಲಿನಂತೆಯೇ ಮಾಡಿದಳು. ಆದರೆ ಹೊಸದಾಗಿ ಏನನ್ನೂ ಮಾಡುವುದನ್ನು ಬಿಟ್ಟಳು. ಹರಿದದ್ದನ್ನು ಹಾಗೆಯೇ ಬಿಟ್ಟಳು. ಅಲುಗಾಡುವ ಬಾಗಿಲು ಅಲುಗಾಡಲಿ ಎಂದು ಬಿಟ್ಟಳು. ಕೊಟ್ರೇಶನಿಗೆ ಅವಳನ್ನು ಸಮಾಧಾನ ಮಾಡಬೇಕೆಂದು ಅನಿಸುತ್ತಿತ್ತು. ಏನು ಹೇಳಬೇಕೆಂಬುದೂ ಗೊತ್ತಿತ್ತು. ಅವಳ ಎದುರು ನಿಂತಾಗ ನಾಲಿಗೆ ಏಳಲಿಲ್ಲ.

ಹೀಗೆ ಆ ಮನೆಯಲ್ಲಿ ಮೂವರೂ ಒಬ್ಬರ ಪಕ್ಕ ಒಬ್ಬರು ಸದ್ದಿಲ್ಲದೆ ಬದುಕಿದರು. ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಸದ್ದೇ ಮನೆಯ ದೊಡ್ಡ ಸದ್ದಾಗಿತ್ತು.

ಮತ್ತೆ ಶಶಿಕಲಾ ಬಸುರಿಯಾದಾಗ ಹಾಲಮ್ಮ ಕಾಯಲಿಲ್ಲ. ಡಾಕ್ಟರನ್ನು ಮನೆಗೇ ಕರೆಸಿದಳು. ಬಂದವರು ಪದ್ಮಾಕ್ಷಿ. ಕೊಟ್ರೇಶನ ಜೊತೆಯಲ್ಲೇ ಓದಿದವರು, ಪಾಸಾದವರು, ಈಗ ಅದೇ ಊರಿನಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಅವರು ಬರುತ್ತಾರೆಂದು ತಿಳಿದು ಕೊಟ್ರೇಶ ಭಟ್ಟಿಯಲ್ಲೇ ಉಳಿದಿದ್ದ. ಪದ್ಮಾಕ್ಷಿ ಶಶಿಕಲಾಳನ್ನು ಪರೀಕ್ಷೆ ಮಾಡಿ, ತಾವೇ ಭಟ್ಟಿಗೆ ನಡೆದುಕೊಂಡು ಬಂದರು.

“ಕೊಟ್ರೇಶ, ನಿನ್ನ ಹೆಂಡತಿ ಇನ್ನು ಹೆರಿಗೆ ತನಕ ಮಲಗಿರಬೇಕು. ಮಂಚದ ಕಾಲು ಚಾಚೋ ಕಡೆ ಎತ್ತರ ಮಾಡು. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ,” ಎಂದರು.

ಕೊಟ್ರೇಶ ತಲೆ ಆಡಿಸಿದ.

ಮನೆಗೆ ಬಂದು ಮಂಚ ನೋಡಿದ. ಅದು ಅವನ ಅಜ್ಜನ ಕಾಲದ್ದು, ಸಾಗುವಾನಿಯದು. ಕಾಲುಗಳು ಕೆಳಗೆ ಗುಂಡಗೆ, ಸಣ್ಣಗೆ. ಮೊದಲು ಇಟ್ಟಿಗೆ ಇಟ್ಟು ನೋಡಿದ. ಹಳೆಯ ಇಟ್ಟಿಗೆ, ಒಂದಕ್ಕೊಂದು ಸಮ ಇರಲಿಲ್ಲ. ಶಶಿಕಲಾ ಹೊರಳಿದಾಗ ಮಂಚ ಕಟಕಟ ಎಂದಿತು. ಅವಳು ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ಅವಳ ಮುಖ ನೋಡಿ ಕೊಟ್ರೇಶ ಇಟ್ಟಿಗೆ ತೆಗೆದ. ಮರದ ತುಂಡು ಹುಡುಕಿದ. ಒಂದು ಸಿಕ್ಕರೆ ಅದರ ಜೋಡಿ ಸಿಗಲಿಲ್ಲ.

ಆಮೇಲೆ ಹಿಂದಿನ ಕೋಣೆಗೆ ಹೋದ. ಬೀಗ ತೆಗೆದ ಸದ್ದು ಹಾಲಮ್ಮನಿಗೆ ಕೇಳಿಸಿತು. ತೋಳಿನ ತುಂಬ ಪುಸ್ತಕ ಹೊತ್ತು ಅವನು ಬರುವುದನ್ನು ನೋಡಿ ಅವಳು ಬಾಗಿಲಲ್ಲೇ ತಡೆದಳು.

“ಸರಸ್ವತಿ ಅಪ್ಪಾ ಅದು. ಮಂಚದ ಕಾಲಿಗೆ ಇಡ್ತೀಯಾ?”

“ಬೇರೆ ಯಾವುದೂ ಸಮ ನಿಲ್ತಿಲ್ಲ, ಅವ್ವ.”

ಹಾಲಮ್ಮ ಮಗನ ಮುಖ ನೋಡಿದಳು. ಒಳಗೆ ಹೋಗಿ ವಿಭೂತಿ ತಂದಳು. ಒಂದೊಂದು ಪುಸ್ತಕದ ಮೇಲೂ ಮೂರು ಬೆರಳಿನಿಂದ ಎಳೆದಳು. ಕೈ ಮುಗಿದಳು. ಆಮೇಲೆ ತಾನೇ ಮಂಚದ ಒಂದು ಕಾಲನ್ನು ಎತ್ತಿ ಹಿಡಿದಳು.

ಶರೀರ ರಚನೆಯ ಸಂಪುಟಗಳು ಒಂದು ಕಾಲಿನ ಕೆಳಗೆ ಹೋದವು. ಶಸ್ತ್ರಚಿಕಿತ್ಸೆ ಮತ್ತು ಹೆರಿಗೆ ಇನ್ನೊಂದರ ಕೆಳಗೆ. ಅಳತೆ ಮಾಡಿಸಿದಂತೆ ಎರಡೂ ಕಡೆ ಸಮವಾಯಿತು. ಶಶಿಕಲಾ ಮಲಗಿದಳು, ಹೊರಳಿದಳು. ಮಂಚ ಸದ್ದು ಮಾಡಲಿಲ್ಲ.

ಆ ದಿನಗಳು ಬಹಳ ನಿಧಾನವಾದವು. ತಲೆ ತಗ್ಗಿನಲ್ಲಿ, ಕಾಲು ಎತ್ತರದಲ್ಲಿ ಮಲಗಿದವಳಿಗೆ ಮನೆ ಬೇರೆಯದೇ ಆಗಿ ಕಾಣುತ್ತದೆ. ಜಂತೆಗಳು ಹತ್ತಿರ ಬರುತ್ತವೆ. ಕಿಟಕಿಯಲ್ಲಿ ನೆಲ ಕಾಣುವುದಿಲ್ಲ, ಆಕಾಶ ಮಾತ್ರ. ಭಟ್ಟಿಯ ಹೊಗೆ ಆ ಆಕಾಶದಲ್ಲಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿತ್ತು. ಶಶಿಕಲಾ ಎಚ್ಚರ ಯಾವುದು, ನಿದ್ದೆ ಯಾವುದು ಎಂಬ ಲೆಕ್ಕ ಬಿಟ್ಟಳು. ಹೊಳೆಯಲ್ಲಿ ಹರಿಗೋಲಿನೊಳಗೆ ಮಲಗಿದಂತೆ ಅನಿಸುತ್ತದೆ ಎಂದು ಒಮ್ಮೆ ಅತ್ತೆಗೆ ಹೇಳಿದಳು.

ಭಟ್ಟಿಯ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಕೊಟ್ರೇಶ ಊಟ ಮಾಡಿ ಮಂಚದ ಪಕ್ಕ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಶಶಿಕಲಾ ಜಂತೆಗಳನ್ನು ನೋಡುತ್ತಲೇ ಕೇಳಿದಳು.

“ರೀ, ನಾನು ಮಲಗಿರೋದು ಯಾವುದರ ಮೇಲೆ? ಆ ಪುಸ್ತಕದಲ್ಲಿ ಏನಿದೆ?”

ಕೊಟ್ರೇಶ ಮಂಚದ ಕೆಳಗಿನ ರಟ್ಟುಗಳ ಕಡೆ ನೋಡಿದ. ಅವಳು ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತು ಎಂದುಕೊಂಡು, ಬಹಳ ಹೊತ್ತಿನ ಮೇಲೆ ಅವನು ಮೆಲ್ಲಗೆ ಹೇಳಿದ.

“ಈಗ ಹೊಟ್ಟೆಯೊಳಗೆ ಅದರ ಬೆರಳ ತುದಿಯಲ್ಲಿ ಗೆರೆ ಮೂಡ್ತಿರುತ್ತೆ. ಹೆಬ್ಬೆಟ್ಟು ಒತ್ತಿದರೆ ಕಾಣ್ತಾವಲ್ಲ, ಆ ಗೆರೆ. ಈಗ ಮೂಡಿದ್ದು ಮುದುಕರಾದರೂ ಬದಲಾಗೋದಿಲ್ಲ.”

ಶಶಿಕಲಾ ಕಣ್ಣು ತೆರೆಯಲಿಲ್ಲ. ಆದರೆ ತನ್ನ ಹೆಬ್ಬೆರಳನ್ನು ತೋರುಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಕೊಟ್ರೇಶ ಅದನ್ನು ನೋಡಿದ.

ಮರುದಿನ ಅವಳು ಕೇಳಿದಳು, “ಇವತ್ತು ಏನು?”

ಹಾಗೆ ಶುರುವಾಯಿತು. ಮೈ ಮೇಲೆ ಹತ್ತಿಯಂಥ ಕೂದಲು ಬಂದಿದೆ, ಹುಟ್ಟುವ ಮುಂಚೆ ಅದು ಉದುರಿಹೋಗುತ್ತದೆ ಎಂದು ಒಂದು ದಿನ ಹೇಳಿದ. ಇನ್ನೊಂದು ದಿನ, ಈಗ ಅದಕ್ಕೆ ಕೇಳಿಸುತ್ತದೆ, ಮೊದಲು ನಿನ್ನ ಎದೆಯ ಬಡಿತ, ಆಮೇಲೆ ನಿನ್ನ ದನಿ ಎಂದ. “ಭಟ್ಟಿ ಸದ್ದು?” ಎಂದು ಅವಳು ಕೇಳಿದಳು. ಅದು ಪುಸ್ತಕದಲ್ಲಿ ಇರಲಿಲ್ಲ. ಅವನು ಯೋಚಿಸಿ, “ಕೇಳಿಸಬಹುದು,” ಎಂದ. ಹಾಲಮ್ಮ ಬಾಗಿಲ ಆಚೆ ಗೋಡೆಗೆ ಒರಗಿ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದಳು. ಮಗನ ದನಿ ಇಷ್ಟು ಹೊತ್ತು ನಿಲ್ಲದೆ ನಡೆದದ್ದನ್ನು ಅವಳು ಹಿಂದೆ ಎಂದೂ ಕೇಳಿರಲಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸುತ್ತಿದ್ದಳು.

ಹೇಳುವಾಗ ಕೊಟ್ರೇಶ ಪುಸ್ತಕ ತೆಗೆದು ನೋಡುವಂತಿರಲಿಲ್ಲ. ಅವು ಮಂಚದ ಕೆಳಗಿದ್ದವು, ಮಂಚದ ಮೇಲೆ ಅವಳಿದ್ದಳು. ನೆನಪಿನಿಂದಲೇ ಹೇಳಬೇಕಿತ್ತು. ಎಷ್ಟೋ ವರ್ಷ ಮುಚ್ಚಿಟ್ಟ ಪುಟಗಳು ಒಂದೊಂದಾಗಿ ತೆರೆದುಕೊಂಡವು. ಅಲ್ಲಿನ ಕಠಿಣ ಪದಗಳು ಬರುವ ಹೊತ್ತಿಗೆ ಮನೆಯ ಮಾತಾಗಿರುತ್ತಿದ್ದವು.

ಆರನೆಯ ತಿಂಗಳು ಬಂತು. ಆ ತಿಂಗಳಿಡೀ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೆಜ್ಜೆ ಇಡಲಿಲ್ಲ. ಕೊಟ್ರೇಶ ಭಟ್ಟಿಗೆ ಹೋಗುವ ಮುಂಚೆ ಬಗ್ಗಿ ನಾಲ್ಕೂ ಪುಸ್ತಕಗಳನ್ನು ಕೈಯಿಂದ ಒತ್ತಿ ನೋಡಿ ಹೋಗುತ್ತಿದ್ದ. ತಿಂಗಳು ಕಳೆಯಿತು.

ಆಗ ಪದ್ಮಾಕ್ಷಿ ಒಂದು ಸುದ್ದಿ ತಂದರು. ಕಾಲೇಜಿನವರು ಹಳೆಯ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಅವಕಾಶ ಕೊಡುತ್ತಿದ್ದರು. ಎರಡು ತಿಂಗಳು ಅಲ್ಲೇ ಇದ್ದು ವಾರ್ಡಿನಲ್ಲಿ ಕೆಲಸ ಮಾಡಿ, ಪರೀಕ್ಷೆಗೆ ಕೂರಬೇಕು. ಮತ್ತೆ ಇಂಥ ಅವಕಾಶ ಇಲ್ಲ.

“ಬಾಗಿಲ ಹೊರಗೆ ನಿಂತು ನಿನ್ನ ಮಾತು ಕೇಳಿದೆ. ಈ ಸಲ ನೀನು ಪಾಸಾಗ್ತೀಯಾ,” ಎಂದರು ಪದ್ಮಾಕ್ಷಿ. “ಇವಳನ್ನ ನಾನು ನೋಡ್ಕೊಳ್ತೀನಿ.”

ಹಾಲಮ್ಮ ಹೋಗು ಎಂದಳು. ಶಶಿಕಲಾ ಕೂಡ ಹೋಗಿ ಎಂದಳು. ಕೊಟ್ರೇಶನಿಗೆ ಹೋಗಬೇಕೆಂದು ಬಹಳ ಆಸೆಯಾಯಿತು. ಆ ಆಸೆ ತನ್ನೊಳಗೆ ಇನ್ನೂ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಪುಸ್ತಕಗಳು ಬೇಕಾಗಿದ್ದವು. ಅವುಗಳ ಅಂಚಿನಲ್ಲೆಲ್ಲ ಅವನೇ ಪೆನ್ಸಿಲಿನಲ್ಲಿ ಬರೆದುಕೊಂಡ ಗುರುತುಗಳಿದ್ದವು. ಹೊಸ ಇಟ್ಟಿಗೆಗಳನ್ನು ತರಿಸಿ, ಒಂದಕ್ಕೊಂದು ಉಜ್ಜಿ, ಸಮ ಮಾಡಿದ. ಮಧ್ಯಾಹ್ನ ಅವನ್ನು ತಂದು ಮಂಚದ ಪಕ್ಕ ಇಟ್ಟ. ಶಶಿಕಲಾಗೆ ನಿದ್ದೆ ಹತ್ತಿತ್ತು. ಎಬ್ಬಿಸುವುದು ಬೇಡವೆಂದು ನೆಲದ ಮೇಲೆ ಕುಳಿತ. ಮಂಚದ ಕಾಲಿಗೆ ತಲೆ ಒರಗಿಸಿದ. ಅವನಿಗೂ ಜೊಂಪು ಹತ್ತಿತು.

ಕನಸಿನಲ್ಲಿ ಅವನು ಅದೇ ವಾರ್ಡಿನಲ್ಲಿ ನಿಂತಿದ್ದ. ವಾರ್ಡಿನ ತುಂಬ ಮೊಣಕಾಲುದ್ದ ಮಂಡಕ್ಕಿ ಹರಡಿತ್ತು. ನಡೆದರೆ ಸದ್ದಾಗುತ್ತಿರಲಿಲ್ಲ. ಪರೀಕ್ಷಕರು ಮಂಚದ ಆಚೆ ನಿಂತಿದ್ದರು. ಅವರು ಏನೂ ಕೇಳಲಿಲ್ಲ. ಅವನೇ ಹೇಳತೊಡಗಿದ. ಎಲುಬುಗಳ ಹೆಸರು ಹೇಳಿದ, ನರಗಳ ದಾರಿ ಹೇಳಿದ. ಹೇಳುತ್ತ ಹೋದಂತೆ ಪರೀಕ್ಷಕರು ಒಬ್ಬೊಬ್ಬರಾಗಿ ಕುಳಿತರು, ಆಮೇಲೆ ಮಂಡಕ್ಕಿಯ ಮೇಲೆ ಒರಗಿ ಮಕ್ಕಳ ಹಾಗೆ ನಿದ್ದೆ ಹೋದರು. ಎಲ್ಲ ಹೇಳಿ ಮುಗಿಸಿದಾಗ ವಾರ್ಡಿನಲ್ಲಿ ಎಚ್ಚರವಿದ್ದವನು ಅವನೊಬ್ಬನೇ. ಅವನಿಗೆ ಹಗುರವಾಯಿತು. ಹೊರಗೆ ಹೋಗೋಣವೆಂದು ಬಾಗಿಲ ಕಡೆ ತಿರುಗಿದ.

ಕೂದಲಲ್ಲಿ ಕೈ ಆಡಿದಂತಾಗಿ ಎಚ್ಚರವಾಯಿತು. ಶಶಿಕಲಾ ಮಂಚದಿಂದ ಕೈ ಇಳಿಬಿಟ್ಟು ಅವನ ತಲೆ ಮುಟ್ಟುತ್ತಿದ್ದಳು. ಇಟ್ಟಿಗೆಗಳನ್ನು ಅವಳು ನೋಡಿದ್ದಳು.

“ಇವತ್ತು ಏನು?” ಎಂದು ಕೇಳಿದಳು.

“ಇವತ್ತು ಕಣ್ಣು ತೆರೆಯುತ್ತೆ,” ಎಂದ ಕೊಟ್ರೇಶ. “ಇಷ್ಟು ದಿನ ರೆಪ್ಪೆ ಅಂಟಿಕೊಂಡಿತ್ತು. ಈಗ ಬಿಡುತ್ತೆ.”

“ಅಲ್ಲಿ ನೋಡೋದಕ್ಕೆ ಏನಿದೆ?”

“ನಿನ್ನ ಹೊಟ್ಟೆ ಮೇಲೆ ಬಿಸಿಲು ಬಿದ್ದರೆ ಕೆಂಪಗೆ ಕಾಣುತ್ತೆ.”

ಶಶಿಕಲಾ ಹೊಟ್ಟೆಯ ಮೇಲಿನ ಸೆರಗನ್ನು ಸ್ವಲ್ಪ ಸರಿಸಿದಳು. ಕಿಟಕಿಯ ಬಿಸಿಲು ಅಲ್ಲಿಗೆ ಬಂದಿತ್ತು. ಇಬ್ಬರೂ ಅದನ್ನೇ ನೋಡಿದರು. ಬಿಸಿಲು ಸರಿದು ಗೋಡೆಗೆ ಹೋಗುವ ತನಕ ನೋಡಿದರು. ಆಮೇಲೆ ಕೊಟ್ರೇಶ ಎದ್ದು ಇಟ್ಟಿಗೆಗಳನ್ನು ಹಿತ್ತಲಿಗೆ ಹೊತ್ತುಕೊಂಡು ಹೋದ. ಸಂಜೆ ಪದ್ಮಾಕ್ಷಿಯವರಿಗೆ ತಾನು ಹೋಗುವುದಿಲ್ಲ ಎಂದು ಹೇಳಿ ಬಂದ. ಅವರು ಕಾರಣ ಕೇಳಿದರು. ಪುಸ್ತಕ ತೆಗೆಯಲು ಮನಸ್ಸಾಗಲಿಲ್ಲ ಎಂದ. ಬೇಕಾದರೆ ತಮ್ಮ ಪುಸ್ತಕಗಳನ್ನು ಕೊಡುವುದಾಗಿ ಅವರು ಹೇಳಿದರು. ಕೊಟ್ರೇಶ ನಕ್ಕು, ನಾಳೆ ಮಧ್ಯಾಹ್ನ ಅವಳಿಗೆ ಹೇಳುವವರು ಯಾರು ಎಂದು ಕೇಳಿದ. ಪದ್ಮಾಕ್ಷಿ ಮತ್ತೆ ಆ ಮಾತು ಎತ್ತಲಿಲ್ಲ.

ಆದರೂ ಅವನಿಗೆ ನೋವಾಗಲಿಲ್ಲ ಎಂದು ತಿಳಿಯಬೇಡ. ಪರೀಕ್ಷೆ ನಡೆದ ವಾರ ಅವನು ಭಟ್ಟಿಯಲ್ಲಿ ಎರಡು ಬಾರಿ ಮಂಡಕ್ಕಿ ಸೀಯಿಸಿದ. ಕೆಲಸದವರು ಬಾಣಲೆ ಇಳಿಸಿ, ಅವನಿಗೆ ನೀರು ಕುಡಿಯಲು ಹೇಳಿದರು.

ಹೆರಿಗೆ ದಿನಕ್ಕೆ ಮುಂಚೆಯೇ ಬಂತು, ಆದರೆ ಬಹಳ ಮುಂಚೆಯಲ್ಲ. ಬೆಳಿಗ್ಗೆ ನೋವು ಶುರುವಾಯಿತು. ಭಟ್ಟಿಯ ಮಂಡಕ್ಕಿ ಚೀಲ ಸಾಗಿಸುವ ವ್ಯಾನಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೊಟ್ರೇಶ ಬಾಗಿಲ ಹೊರಗೆ ನಿಂತ. ಒಳಗೆ ಯಾವ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂಬುದೆಲ್ಲ ಅವನಿಗೆ ತಿಳಿದಿತ್ತು. ತಿಳಿದದ್ದರಿಂದ ಹೆದರಿಕೆ ಹೆಚ್ಚೇ ಆಯಿತು. ಮಗು ಹೊರಗೆ ಬಂದದ್ದು ಗೊತ್ತಾಯಿತು. ಅಳು ಕೇಳಿಸಲಿಲ್ಲ. ಹಾಲಮ್ಮ ಮಗನ ತೋಳು ಹಿಡಿದಳು. ಈಗ ಬೆನ್ನು ಉಜ್ಜುತ್ತಾರೆ, ಈಗ ಅಂಗಾಲು ತಟ್ಟುತ್ತಾರೆ ಎಂದು ಅವನು ತಾಯಿಗೆ ಪಿಸುಮಾತಿನಲ್ಲಿ ಹೇಳುತ್ತ ನಿಂತ. ಅವನಿಗೆ ಹೇಳಲು ಇನ್ನೇನೂ ಉಳಿಯದಾಗ ಮಗು ಅತ್ತಿತು.

ಕೊಟ್ರೇಶ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅಂದು ಮನೆಗೆ ಬಂದಾಗ ಮಂಚ ಖಾಲಿಯಾಗಿ, ಇಳಿಜಾರಾಗಿ ನಿಂತಿತ್ತು. ಅವನು ಅದನ್ನು ಇಳಿಸಲಿಲ್ಲ. ತಾಯಿ ಮಗು ಮನೆಗೆ ಬಂದ ದಿನ ಪುಸ್ತಕಗಳನ್ನು ತೆಗೆದ. ಮಂಚದ ಕಾಲು ರಟ್ಟನ್ನು ತೂತು ಮಾಡಿ, ಹಾಳೆಗಳೊಳಗೆ ಇಳಿದು ಗುಂಡಗೆ ಕೂತಿತ್ತು. ಬಹಳ ಪುಟಗಳ ತನಕ ಅದೇ ಗುಂಡು ಗುರುತು. ಅಲ್ಲಿನ ಅಕ್ಷರ ಓದಲು ಬರುತ್ತಿರಲಿಲ್ಲ.

“ಪೆಟ್ಟಿಗೆಗೆ ಹಾಕಲಾ?” ಎಂದು ಶಶಿಕಲಾ ಕೇಳಿದಳು.

“ಬೇಡ. ಹೊರಗೇ ಇರಲಿ. ನಿನಗೆ ಬೇಕಾಗ್ತಾವೆ.”

ಅವಳಿಗೆ ಬೇಕಾದವು. ಮಾವಿನಕಾಯಿ ಉಪ್ಪಿನಲ್ಲಿ ಹಾಕಿ, ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಶಸ್ತ್ರಚಿಕಿತ್ಸೆ ಇಟ್ಟಳು. ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಲ ಬಾಗಿಲಿಗೆ ಔಷಧಶಾಸ್ತ್ರ ಬಂತು. ಹಾಲಮ್ಮನಿಗೆ ಮಂಡಿ ನೋವು. ದೇವರ ಗೂಡು ಎಟುಕುತ್ತಿರಲಿಲ್ಲ. ಎರಡು ಪುಸ್ತಕಗಳನ್ನು ಜೋಡಿಸಿ, ಬಟ್ಟೆ ಸುತ್ತಿ, ಹೊಲಿದು ಮೆಟ್ಟಿಲು ಮಾಡಿದವನು ಕೊಟ್ರೇಶನೇ. ಇಳಕಲ್ ಸೀರೆಯ ಮಡಿಕೆ ಕೂರಲು ಒಂದು. ಸಂಡಿಗೆಯ ಸೀರೆಗೆ ನಾಲ್ಕು. ಮಧ್ಯಾಹ್ನ ನೆಲದ ಮೇಲೆ ಮಲಗುವಾಗ ತಲೆಗೆ ಒಂದು, ಟವೆಲು ಸುತ್ತಿ. ನೆರೆಮನೆಯವರು ಕೂಡ ಬಂದು, ಅರ್ಧ ಡಾಕ್ಟ್ರ ಪುಸ್ತಕ ಒಂದಿದ್ದರೆ ಕೊಡಿ, ಅಂಟು ಹಾಕಿದ ಫೋಟೋ ಒತ್ತಿಡಬೇಕು ಎಂದು ಕೇಳಿ ಒಯ್ಯುತ್ತಿದ್ದರು. ಕೊಟ್ರೇಶ ತಾನೇ ಎತ್ತಿ ಕೊಡುತ್ತಿದ್ದ.

ಕೆಲವು ವರ್ಷಗಳ ಮೇಲೆ ಅವರು ನನ್ನನ್ನು ಊಟಕ್ಕೆ ಕರೆದಿದ್ದರು. ಇದೆಲ್ಲವನ್ನೂ ನನಗೆ ಹೇಳಿದವಳು ಹಾಲಮ್ಮ. ಅವಳು ಹೇಳುತ್ತಿದ್ದಾಗ ಒಳಗಿನಿಂದ ಒಂದು ಹುಡುಗಿ ಎರಡು ದಪ್ಪ ಪುಸ್ತಕಗಳನ್ನು ಒಂದರ ನಂತರ ಒಂದರಂತೆ ಎದೆಗೆ ಅವುಚಿಕೊಂಡು ತಂದಳು. ಊಟದ ಮೇಜಿನ ಮುಂದಿನ ಕುರ್ಚಿಯ ಮೇಲೆ ಅವನ್ನು ಒಂದರ ಮೇಲೊಂದು ಇಟ್ಟಳು. ಅಜ್ಜಿ ಕಲಿಸಿದಂತೆ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹತ್ತಿ ಅವುಗಳ ಮೇಲೆ ಕುಳಿತಳು. ಈಗ ತಟ್ಟೆ ಅವಳ ಕೈಗೆ ಸರಿಯಾಗಿ ಎಟುಕಿತು. ಕೊಟ್ರೇಶ ಬಡಿಸುತ್ತಿದ್ದ. ಅವಳು ತಂದೆಯ ಮುಖ ನೋಡಿ, “ಅಪ್ಪಾ, ಅನ್ನ ಹೊಟ್ಟೆಗೆ ಹೋಗಿ ಏನಾಗುತ್ತೆ?” ಎಂದು ಕೇಳಿದಳು. ಕೊಟ್ರೇಶ ಸೌಟು ಹಿಡಿದುಕೊಂಡೇ ಹೇಳತೊಡಗಿದ. ಸಾರು ತಣ್ಣಗಾಯಿತು. ನಾವು ಯಾರೂ ಅವನನ್ನು ತಡೆಯಲಿಲ್ಲ.

ಇಷ್ಟು ಹೇಳಿ ಅಜ್ಜನವರು ನಿಲ್ಲಿಸಿದರು.

ಮರುಳಸಿದ್ಧನಿಗೆ ಕತೆಯ ಗುಂಗಿನಿಂದ ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆಸಕ್ತಿಯಿಂದ ಮುಂದೆ ಬಾಗಿ ಕೇಳಿದ.

“ಅವಳು ಕುಳಿತದ್ದು ಯಾವ ಎರಡು ಪುಸ್ತಕಗಳ ಮೇಲೆ, ಅಜ್ಜನವರೇ?”

ಅಜ್ಜನವರು ಅವನ ಕಡೆ ನೋಡಿದರು.

“ಆ ಹುಡುಗಿಯ ಹೆಸರೇನು ಎಂದು ನೀನು ಕೇಳಲಿಲ್ಲ.”